ಬೀದಿಯಲ್ಲಿ ಬೆಳೆದ ಹೊಗೆಸೊಪ್ಪು

1617ರ ಮೇ ತಿಂಗಳಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ಆರ್ಗಲ್ ಎಂಬಾತ ವರ್ಜೀನಿಯಾದ ಉಸ್ತುವಾರಿ ವಹಿಸಿಕೊಳ್ಳಲು ಜೇಮ್ಸ್‌ಟೌನಿಗೆ ಬಂದಿಳಿದ. ಉತ್ತರ ಅಮೆರಿಕದಲ್ಲಿ ಇಂಗ್ಲಿಷರು ಹೂಡಿದ ಊರುಗಳ ಪೈಕಿ ಹಾಳಾಗದೆ ಉಳಿದ ಮೊದಲನೆಯದು ಅದು. ಆಗ ಅದಕ್ಕೆ ಹತ್ತು ವರ್ಷ. ಬಂದವನ ಕಣ್ಣಿಗೆ ಬಿದ್ದದ್ದೇನು? ನೆಟ್ಟಗೆ ನಿಂತಿದ್ದ ಮನೆ ಐದೋ ಆರೋ. ಚರ್ಚು ಕುಸಿದಿದೆ. ಕೋಟೆಯ ಮರದ ಗೋಡೆ ಮುರಿದಿದೆ. ಸೇತುವೆ ಚೂರಾಗಿದೆ. ಕುಡಿಯುವ ನೀರಿನ ಬಾವಿ ಕೆಟ್ಟಿದೆ. ಆದರೆ ಸಂತೆ ಸೇರಬೇಕಾದ ಬಯಲಿನಲ್ಲಿ, ಜನ ಓಡಾಡಬೇಕಾದ ಬೀದಿಯಲ್ಲಿ, ಗೇಣು ಜಾಗ ಸಿಕ್ಕಲ್ಲೆಲ್ಲ ತಂಬಾಕು ನೆಟ್ಟಿದ್ದಾರೆ.

ಬಾವಿ ತೋಡಿಸಲು ಪುರುಸೊತ್ತಿಲ್ಲ, ಬೀದಿಯಲ್ಲಿ ಸಸಿ ನೆಡಲು ಪುರುಸೊತ್ತಿದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತೇ ಹೊರತು ಆಶ್ಚರ್ಯವಾಗಲಿಲ್ಲ. ನಾನು ಪಿರಿಯಾಪಟ್ಟಣದ ಕಡೆಯವಳು. ನಮ್ಮ ಮನೆಯ ಸಾಲ ತೀರಿದ್ದು, ಮದುವೆಗಳು ನಡೆದದ್ದು, ನಾನು ಕಾಲೇಜು ಮೆಟ್ಟಿಲು ಹತ್ತಿದ್ದು ಎಲ್ಲವೂ ಹೊಗೆಸೊಪ್ಪಿನ ದುಡ್ಡಿನಿಂದಲೇ. ಹರಾಜು ಕಟ್ಟೆಯಲ್ಲಿ ಒಳ್ಳೆ ರೇಟು ಬಂದ ಮರುವರ್ಷ ನಮ್ಮೂರಿನಲ್ಲಿ ರಾಗಿ ಹೊಲ, ಅವರೆ ಸಾಲು, ಮನೆಯ ಹಿತ್ತಿಲು ಯಾವುದೂ ಉಳಿಯುತ್ತಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ರಾಮನಾಥಪುರದ ಸುತ್ತ ನಾವು ಬೆಳೆಯುವ ಈ ಸೊಪ್ಪಿಗೆ ಇಂದಿಗೂ ‘ವರ್ಜೀನಿಯಾ’ ಎಂದೇ ಹೆಸರು. ಆಮೇಲೆ ಇತಿಹಾಸದ ಅಧ್ಯಾಪಕಿಯಾಗಿ ಅಮೆರಿಕದ ವಸಾಹತುಗಳ ಪಾಠ ಮಾಡುವಾಗಲೆಲ್ಲ ಒಂದು ಮಾತು ಹೇಳುತ್ತಿದ್ದೆ: ಇಂಗ್ಲಿಷರು ಅಮೆರಿಕದಲ್ಲಿ ಬೇರು ಬಿಟ್ಟದ್ದು ಹೇಗೆ ಎಂದು ತಿಳಿಯಬೇಕಾದರೆ ವೀರರ ಕಥೆಗಿಂತ ಬೆಳೆಯ ಲೆಕ್ಕ ನೋಡಿ.

ಷೇರು ಹಾಕಿ ಕಟ್ಟಿದ ಊರು

ಕೊಲಂಬಸ್ 1492ರಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿ ಅರ್ಧ ಶತಮಾನವಾಗುವುದರೊಳಗೆ ಸ್ಪೇನಿನವರು ಮೆಕ್ಸಿಕೊ ಮತ್ತು ಪೆರುವನ್ನು ಕೆಡವಿಕೊಂಡಿದ್ದರು. 1545ರಲ್ಲಿ ಪೊಟೊಸಿಯ ಬೆಳ್ಳಿ ಬೆಟ್ಟವೂ ಅವರ ಕೈಸೇರಿತು. ಇಂಗ್ಲೆಂಡಿಗೆ ಆ ಭಾಗ್ಯವಿರಲಿಲ್ಲ. 1587ರಲ್ಲಿ ಇಂದಿನ ನಾರ್ತ್ ಕೆರೊಲಿನಾದ ರೊನೋಕ್ ದ್ವೀಪದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಇಳಿಸಿ ಹೋಗಿ, ಮೂರು ವರ್ಷ ಬಿಟ್ಟು ಬಂದು ನೋಡಿದರೆ ಒಬ್ಬರೂ ಇರಲಿಲ್ಲ.

ಮತ್ತೆ ಕೈಹಾಕಿದಾಗ ಇಂಗ್ಲಿಷರು ಅದನ್ನು ವ್ಯಾಪಾರದ ಮಾತಾಗಿಯೇ ಮಾಡಿಕೊಂಡರು. 1606ರ ಏಪ್ರಿಲ್‌ನಲ್ಲಿ ದೊರೆ ಒಂದನೇ ಜೇಮ್ಸ್ ವರ್ಜೀನಿಯಾ ಕಂಪನಿಗೆ ಸನ್ನದು ಕೊಟ್ಟ. ಖಜಾನೆಯಿಂದ ಕಾಸು ಬಿಚ್ಚಲಿಲ್ಲ. ದುಡ್ಡು ಹಾಕಿದವರು ಲಂಡನ್ನಿನ ವರ್ತಕರು ಮತ್ತು ಶ್ರೀಮಂತರು. 1609ರಲ್ಲಿ ಒಂದು ಷೇರಿನ ಬೆಲೆ 12 ಪೌಂಡ್ 10 ಶಿಲ್ಲಿಂಗ್. ಕಂಪನಿಯ ಚುಕ್ಕಾಣಿ ಹಿಡಿದಿದ್ದವನು ಸರ್ ಥಾಮಸ್ ಸ್ಮೈತ್. ಈ ಹೆಸರು ನಮಗೂ ಸಂಬಂಧಪಟ್ಟದ್ದೇ, ಏಕೆಂದರೆ 1600ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ ಇವನೇ.

1606ರ ಡಿಸೆಂಬರಿನಲ್ಲಿ ಸೂಸನ್ ಕಾನ್‌ಸ್ಟಂಟ್, ಗಾಡ್‌ಸ್ಪೀಡ್, ಡಿಸ್ಕವರಿ ಎಂಬ ಮೂರು ಹಡಗುಗಳು ಲಂಡನ್ ಬಿಟ್ಟವು. ಮುಖ್ಯಸ್ಥ ಕ್ಯಾಪ್ಟನ್ ಕ್ರಿಸ್ಟೊಫರ್ ನ್ಯೂಪೋರ್ಟ್. ನೆಲೆಸಲು ಹೊರಟವರು ನೂರಾ ನಾಲ್ಕೈದು ಮಂದಿ, ಎಲ್ಲರೂ ಗಂಡಸರು ಮತ್ತು ಹುಡುಗರು. ಅವರಲ್ಲಿ ಬಹಳ ಮಂದಿ ಕೈ ಕೆಸರು ಮಾಡಿಕೊಂಡು ಗೊತ್ತಿಲ್ಲದ ‘ಜೆಂಟಲ್‌ಮನ್’ಗಳು. ಊರು ಆಳುವವರು ಯಾರೆಂಬುದನ್ನು ಕಂಪನಿ ಒಂದು ಪೆಟ್ಟಿಗೆಯಲ್ಲಿ ಬರೆದಿಟ್ಟು, ಮೊಹರು ಹಾಕಿ ಕಳಿಸಿತ್ತು. ದಡ ಸೇರಿ ತೆಗೆದು ನೋಡಿದರೆ, ದಾರಿಯಲ್ಲಿ ದಂಗೆಯ ಆಪಾದನೆ ಹೊತ್ತು ಸೆರೆಯಲ್ಲಿದ್ದ ಜಾನ್ ಸ್ಮಿತ್‌ನ ಹೆಸರೂ ಆ ಪಟ್ಟಿಯಲ್ಲಿತ್ತು!

ಕಂಪನಿ ವಹಿಸಿದ್ದ ಕೆಲಸ ಎರಡು. ಚಿನ್ನ ಹುಡುಕುವುದು ಒಂದು, ಏಷ್ಯಾ ಕಡೆಯ ಸಮುದ್ರಕ್ಕೆ ನದಿದಾರಿ ಹುಡುಕುವುದು ಇನ್ನೊಂದು. ಹೊಟ್ಟೆಗೇನು ಎಂಬುದನ್ನು ಯಾರೂ ಸರಿಯಾಗಿ ಯೋಚಿಸಿರಲಿಲ್ಲ.

ಬೇರೆಯವರ ನೆಲ, ಉಪ್ಪು ನೀರು

1607ರ ಮೇ ತಿಂಗಳಲ್ಲಿ ಅವರು ಆರಿಸಿಕೊಂಡ ಜಾಗ, ದೊರೆಯ ಹೆಸರನ್ನೇ ಇಟ್ಟ ಜೇಮ್ಸ್ ನದಿಯ ದಂಡೆ. ಸಮುದ್ರದಿಂದ ಒಳಗಿದ್ದುದರಿಂದ ಸ್ಪೇನಿನ ಹಡಗುಗಳ ಭಯ ಕಡಿಮೆ. ದಂಡೆಯ ಪಕ್ಕದಲ್ಲೇ ನೀರು ಆಳವಾಗಿತ್ತು, ಹಡಗನ್ನು ಮರಕ್ಕೇ ಕಟ್ಟಬಹುದಿತ್ತು. ಹಡಗಿನವರ ಕಣ್ಣಿಗೆ ಅದು ಒಳ್ಳೆಯ ಜಾಗ. ಬೇಸಾಯಗಾರನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದ. ಸುತ್ತ ಜೌಗು, ಸೊಳ್ಳೆ. ಬೇಸಿಗೆಯಲ್ಲಿ ಸಮುದ್ರದ ಉಬ್ಬರ ಹತ್ತಿ ನದಿಯ ನೀರು ಉಪ್ಪಾಗುತ್ತಿತ್ತು. ಅದನ್ನೇ ಕುಡಿದರು.

ನೆಲ ಖಾಲಿಯೂ ಇರಲಿಲ್ಲ. ಅಲ್ಲಿನವರು ಆ ನಾಡನ್ನು ತ್ಸೆನಕೊಮಕಾ ಎನ್ನುತ್ತಿದ್ದರು. ಸುಮಾರು ಮೂವತ್ತು ಬುಡಕಟ್ಟುಗಳ, ಹದಿನಾಲ್ಕು ಸಾವಿರದಷ್ಟು ಜನರ ಒಕ್ಕೂಟ ಅದು. ಒಡೆಯ ವಾಹುನ್‌ಸೆನಕಾ. ಇಂಗ್ಲಿಷರು ಅವನನ್ನು ಪೊಹಾಟನ್ ಎಂದು ಕರೆದರು. ಜೇಮ್ಸ್‌ಟೌನ್ ಎದ್ದ ಜಾಗ ಪಾಸ್ಪಹೆ ಎಂಬ ಬುಡಕಟ್ಟಿನವರದು. ಅಲ್ಲಿ ಅವರು ಬೇಟೆಯಾಡುತ್ತಿದ್ದರೇ ಹೊರತು ಮನೆ ಕಟ್ಟಿರಲಿಲ್ಲ. ಏಕೆ ಕಟ್ಟಿರಲಿಲ್ಲ ಎಂಬುದು ಇಂಗ್ಲಿಷರಿಗೆ ಮೊದಲ ಬೇಸಿಗೆಯಲ್ಲೇ ಅರಿವಾಯಿತು. 1608ರ ಜನವರಿಯಲ್ಲಿ ನ್ಯೂಪೋರ್ಟ್ ಇಂಗ್ಲೆಂಡಿನಿಂದ ಸಾಮಾನು ಹೇರಿಕೊಂಡು ಮರಳುವಷ್ಟರಲ್ಲಿ ಜೀವಂತ ಉಳಿದಿದ್ದವರು ನಲವತ್ತಕ್ಕಿಂತ ಕಡಿಮೆ.

ಇನ್ನೊಂದು ಸಂಗತಿ ಮೊನ್ನೆಮೊನ್ನೆಯವರೆಗೆ ಯಾರಿಗೂ ತಿಳಿದಿರಲಿಲ್ಲ. ಆ ಸೀಮೆಯ ಹಳೆಯ ಸೈಪ್ರೆಸ್ ಮರಗಳ ವರ್ಷದ ಉಂಗುರಗಳನ್ನು ಅಳೆದ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ್ದು ಇದು: 1606ರಿಂದ 1612ರವರೆಗಿನ ಏಳು ವರ್ಷ ಅಲ್ಲಿ ಏಳುನೂರು ವರ್ಷಗಳಲ್ಲೇ ಕಾಣದಂಥ ಬರಗಾಲ. ಇಂಗ್ಲಿಷರು ಸ್ಥಳೀಯರ ಹತ್ತಿರ ಮೆಕ್ಕೆಜೋಳ ಕೇಳಿದರು, ಕೊಡದಿದ್ದಲ್ಲಿ ಬಂದೂಕು ತೋರಿಸಿ ಕಿತ್ತುಕೊಂಡರು. ಕೊಡುವವರ ಕಣಜವೇ ಬರಿದಾಗಿತ್ತು. ಜೋಳದ ಬೇಸಾಯ ಅಲ್ಲಿ ಹೆಂಗಸರ ಕೆಲಸ. ಮಳೆ ಇಲ್ಲದ ವರ್ಷ ಬಿತ್ತನೆಗೆ ಎತ್ತಿಟ್ಟ ಜೋಳದ ಮೇಲೆ ಪರದೇಶದವನು ಕಣ್ಣು ಹಾಕಿದರೆ ಆ ಹೆಂಗಸಿನ ಎದೆ ಹೇಗೆ ಉರಿದಿರಬೇಕು ಎಂದು ರೈತಾಪಿ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೂ ಚಿನ್ನದ ಹುಚ್ಚು ಬಿಡಲಿಲ್ಲ. 1608ರಲ್ಲಿ ಬಂದ ಹೊಸಬರಲ್ಲಿ ಅಕ್ಕಸಾಲಿಗರು, ಲೋಹ ಶುದ್ಧ ಮಾಡುವವರು, ಅತ್ತರು ಮಾಡುವವನೊಬ್ಬ ಕೂಡ ಇದ್ದರು. ಹೊಳೆಯುವ ಮಣ್ಣನ್ನು ಹಡಗಿಗೆ ತುಂಬಿ ಲಂಡನ್ನಿಗೆ ಕಳಿಸಿದರು. ಅಲ್ಲಿ ಪರೀಕ್ಷಿಸಿದರೆ ಚಿನ್ನ ಗುಲಗಂಜಿಯಷ್ಟೂ ಇರಲಿಲ್ಲ. ಕೆಲಸ ಮಾಡದವನಿಗೆ ಕೂಳಿಲ್ಲ ಎಂಬ ಕಟ್ಟಳೆ ತಂದು ಊರನ್ನು ಒಂದಿಷ್ಟು ಹದ್ದುಬಸ್ತಿಗೆ ತಂದವನು ಜಾನ್ ಸ್ಮಿತ್. 1609ರ ಶರತ್ಕಾಲದಲ್ಲಿ ಮದ್ದಿನಪುಡಿ ಸಿಡಿದು ಗಾಯಗೊಂಡು ಅವನೂ ಇಂಗ್ಲೆಂಡಿಗೆ ಹೊರಟುಹೋದ.

ಆಮೇಲೆ ಬಂದದ್ದು ‘ಹಸಿವಿನ ಕಾಲ’ ಎಂದೇ ಹೆಸರಾದ ಚಳಿಗಾಲ. ವಾಹುನ್‌ಸೆನಕಾನ ಕಡೆಯವರು ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿದ್ದವರು ಕುದುರೆ ತಿಂದರು. ಆಮೇಲೆ ನಾಯಿ, ಬೆಕ್ಕು, ಇಲಿ, ಕೊನೆಗೆ ಬೂಟಿನ ಚರ್ಮ. ಕೋಟೆಯೊಳಗಿದ್ದ ಸುಮಾರು ಮುನ್ನೂರು ಜನರಲ್ಲಿ 1610ರ ವಸಂತಕ್ಕೆ ಉಳಿದವರು ಅರವತ್ತರಷ್ಟು. ಹೆಣ ತಿಂದರು ಎಂದು ಆಗಿನವರೇ ಬರೆದಿಟ್ಟಿದ್ದರೂ ಉತ್ಪ್ರೇಕ್ಷೆಯಿರಬಹುದು ಎಂದವರಿದ್ದರು. 2012ರಲ್ಲಿ ಅಲ್ಲಿನ ಒಂದು ನೆಲಮಾಳಿಗೆ ಅಗೆದಾಗ ಹದಿನಾಲ್ಕು ವರ್ಷದ ಇಂಗ್ಲಿಷ್ ಹುಡುಗಿಯೊಬ್ಬಳ ತಲೆಬುರುಡೆ, ಕಾಲಿನ ಮೂಳೆ ಸಿಕ್ಕವು. ಸ್ಮಿತ್ಸೋನಿಯನ್ ಸಂಸ್ಥೆಯ ತಜ್ಞರು ಪರೀಕ್ಷಿಸಿ, ಅವುಗಳ ಮೇಲೆ ಮಾಂಸ ಬಿಡಿಸಿದ ಚಾಕುವಿನ ಗೆರೆಗಳಿವೆ ಎಂದು 2013ರಲ್ಲಿ ಹೇಳಿದರು. ಆ ಹುಡುಗಿಗೆ ‘ಜೇನ್’ ಎಂದು ಹೆಸರಿಟ್ಟಿದ್ದಾರೆ.

1610ರ ಜೂನ್‌ನಲ್ಲಿ ಉಳಿದವರು ಗಂಟುಮೂಟೆ ಕಟ್ಟಿ ಹಡಗು ಹತ್ತಿ ಊರು ಬಿಟ್ಟೇ ಬಿಟ್ಟರು. ನದಿಯಲ್ಲಿ ಕೆಳಗೆ ಹೋಗುತ್ತಿದ್ದಾಗ, ಹೊಸ ಗವರ್ನರ್ ಲಾರ್ಡ್ ಡಿಲವೇರ್ ಜನ ಮತ್ತು ದವಸದೊಂದಿಗೆ ಬರುತ್ತಿದ್ದಾನೆಂಬ ಸುದ್ದಿ ಎದುರಾಯಿತು. ಹಿಂದಿರುಗಿದರು. ಒಂದೆರಡು ದಿನ ತಡವಾಗಿದ್ದರೆ ಜೇಮ್ಸ್‌ಟೌನ್ ಇನ್ನೊಂದು ರೊನೋಕ್ ಆಗುತ್ತಿತ್ತು.

ಬೀಜ ತಂದವನು

ಆ ಊರಿನ ಹಣೆಬರಹ ಬದಲಿಸಿದವನು ಜಾನ್ ರಾಲ್ಫ್. 1609ರಲ್ಲಿ ಹೆಂಡತಿಯೊಂದಿಗೆ ಸೀ ವೆಂಚರ್ ಹಡಗು ಹತ್ತಿದ್ದ. ಹಡಗು ಬಿರುಗಾಳಿಗೆ ಸಿಕ್ಕಿ ಬರ್ಮುಡಾ ದ್ವೀಪದ ಬಂಡೆಗಳ ನಡುವೆ ಸಿಲುಕಿತು. ಅಲ್ಲಿ ಹುಟ್ಟಿದ ಮಗಳಿಗೆ ಬರ್ಮುಡಾ ಎಂದೇ ಹೆಸರಿಟ್ಟರು, ಕೂಸು ಉಳಿಯಲಿಲ್ಲ. ಹಡಗಿನವರು ದ್ವೀಪದ ಮರ ಕಡಿದು ಎರಡು ಹೊಸ ಹಡಗು ಕಟ್ಟಿ 1610ರ ಮೇ ತಿಂಗಳಲ್ಲಿ ಜೇಮ್ಸ್‌ಟೌನ್ ಮುಟ್ಟಿದರು. ರಾಲ್ಫ್‌ನ ಹೆಂಡತಿಯೂ ತೀರಿಕೊಂಡಳು.

ವರ್ಜೀನಿಯಾದ ಮೂಲನಿವಾಸಿಗಳು ತಂಬಾಕು ಬೆಳೆಯುತ್ತಿದ್ದರು. ಆದರೆ ಅದು ರಸ್ಟಿಕಾ ಎಂಬ ಬೇರೆ ಜಾತಿ. ಕಟು, ಗಂಟಲು ಸುಡುವಂಥದ್ದು. ಲಂಡನ್ನಿನ ಸೇದುಗರಿಗೆ ಬೇಕಿದ್ದದ್ದು ಸ್ಪೇನಿನವರು ಕೆರಿಬಿಯನ್ ಕಡೆಯಿಂದ ತಂದು ದುಬಾರಿ ಬೆಲೆಗೆ ಮಾರುತ್ತಿದ್ದ ನಯವಾದ ಸೊಪ್ಪು. ಆ ಬೀಜ ಹೊರಗೆ ಹೋಗದಂತೆ ಸ್ಪೇನ್ ಕಾವಲಿಟ್ಟಿತ್ತು. ರಾಲ್ಫ್ ಅದನ್ನು ಹೇಗೋ ಸಂಪಾದಿಸಿದ. ಟ್ರಿನಿಡಾಡ್ ಕಡೆಯ ಬೀಜವೆಂದು ಹೇಳುತ್ತಾರೆ. 1612ರ ಹೊತ್ತಿಗೆ ಜೇಮ್ಸ್ ನದಿಯ ದಂಡೆಯಲ್ಲಿ ಅದನ್ನು ಬೆಳೆದು ನೋಡಿದ.

ಬೀಜ ಕದ್ದು ತರುವುದು ಕಷ್ಟವೇನಲ್ಲ. ಹೊಗೆಸೊಪ್ಪಿನ ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಇರುತ್ತವೆ. ಅಂಗಿಯ ಮಡಿಕೆಯಲ್ಲಿ ಒಂದು ಹಿಡಿ ಸಾಕು, ಎಕರೆಗಟ್ಟಲೆ ನೆಡಬಹುದು. ಕಷ್ಟವಿರುವುದು ಆಮೇಲೆ. ನೇರವಾಗಿ ಹೊಲಕ್ಕೆ ಎರಚಿದರೆ ಬರುವ ಬೆಳೆಯಲ್ಲ. ಮಣ್ಣು ಹಿಟ್ಟಿನಂತೆ ಮಾಡಿದ ಸಸಿ ಮಡಿಯಲ್ಲಿ ಬೆಳೆಸಿ, ಕಿತ್ತು, ಒಂದೊಂದೇ ನೆಡಬೇಕು. ಹೂವಿನ ತಲೆ ಕಂಡ ಕೂಡಲೇ ಚಿವುಟಬೇಕು. ತಲೆ ಚಿವುಟಿದರೆ ಎಲೆಯ ಕಂಕುಳಲ್ಲಿ ಕುಡಿ ಹೊಡೆಯುತ್ತದೆ, ಅದನ್ನೂ ಮುರಿಯಬೇಕು. ಮುರಿದಷ್ಟೂ ಬರುತ್ತದೆ. ಹುಳು ಹಿಡಿಯದಂತೆ ಎಲೆ ಮಗುಚಿ ನೋಡಬೇಕು. ನಮ್ಮಪ್ಪ ಹೇಳುತ್ತಿದ್ದರು, “ರಾಗಿ ಬೆಳೀತೀವಿ ಕಣವ್ವಾ, ಹೊಗೆಸೊಪ್ಪು ಸಾಕ್ತೀವಿ.”

ಎಲೆ ಮುರಿದ ಮೇಲೆ ಹದ ಮಾಡುವ ಕೆಲಸ. ನಮ್ಮಲ್ಲಿ ಬ್ಯಾರನ್ ಎಂಬ ಒಣಗಿಸುವ ಮನೆಗೆ ತುಂಬಿ, ಕೊಳವೆಯಲ್ಲಿ ಬಿಸಿ ಹಾಯಿಸಿ, ಹಗಲೂ ರಾತ್ರಿ ಸೌದೆಯ ಉರಿ ಕಾಯುತ್ತೇವೆ. ಈ ಪದ್ಧತಿ ಅಮೆರಿಕದಲ್ಲಿ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ರಾಲ್ಫ್‌ನ ಕಾಲದಲ್ಲಿ ಸೊಪ್ಪನ್ನು ಹುಲ್ಲಿನಂತೆ ರಾಶಿ ಹಾಕಿ ಬಾಡಿಸುತ್ತಿದ್ದರು, ಅರ್ಧ ಕೊಳೆಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಹಗ್ಗಕ್ಕೆ ನೇತುಹಾಕಿ ಗಾಳಿಯಲ್ಲಿ ಒಣಗಿಸುವುದನ್ನು ಕಂಡುಕೊಂಡರು, ಬಣ್ಣವೂ ವಾಸನೆಯೂ ಸುಧಾರಿಸಿತು. ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟಿದವಳು ನಾನು. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಗೆ ಗಟ್ಟಿಯಾಗುತ್ತದೆ, ಸೋಪಿಗೂ ಬಗ್ಗುವುದಿಲ್ಲ. ಉಣ್ಣಲು ಕೂತರೆ ಅನ್ನವೆಲ್ಲ ಕಹಿ. ಮಳೆಗೆ ನೆನೆದ ಹಸಿ ಎಲೆ ಹೊತ್ತರೆ ತಲೆ ಸುತ್ತಿ ವಾಂತಿಯಾಗುತ್ತದೆ. ಹಾಗಾಗಿ ವರ್ಜೀನಿಯಾದ ಕಥೆಯಲ್ಲಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಈ ಕೆಲಸವನ್ನೆಲ್ಲ ಮಾಡಿದವರು ಯಾರು?

ಎಲೆಯೇ ದುಡ್ಡು

ಅದಕ್ಕೆ ಮೊದಲು ಲಾಭದ ಮಾತು. 1616ರಲ್ಲಿ ಇಡೀ ವಸಾಹತಿನ ಜನಸಂಖ್ಯೆ 351 ಎಂದು ರಾಲ್ಫ್ ಬರೆದಿದ್ದಾನೆ. ಮರುವರ್ಷ ಹೆಚ್ಚುಕಡಿಮೆ ಅಷ್ಟೇ ಜನ ಸುಮಾರು 20,000 ಪೌಂಡ್ ತೂಕದ ಸೊಪ್ಪನ್ನು ಇಂಗ್ಲೆಂಡಿಗೆ ಕಳಿಸಿದರು. ಅದರ ಮುಂದಿನ ವರ್ಷ ಅದರ ಎರಡರಷ್ಟಕ್ಕೂ ಹೆಚ್ಚು. ತಂಬಾಕನ್ನು ಬೈದು 1604ರಲ್ಲಿ ಪುಸ್ತಕವನ್ನೇ ಬರೆದಿದ್ದ ಜೇಮ್ಸ್ ದೊರೆ ಈಗ ಅದರ ಸುಂಕ ಎಣಿಸತೊಡಗಿದ.

ಜನ ಜೋಳ ಬಿಟ್ಟು ಸೊಪ್ಪಿಗೆ ಬಿದ್ದರು. ಎರಡು ಎಕರೆ ಜೋಳ ಹಾಕದವನು ತಂಬಾಕು ನೆಡಕೂಡದು ಎಂದು ಡೆಪ್ಯುಟಿ ಗವರ್ನರ್ ಥಾಮಸ್ ಡೇಲ್ 1616ರಲ್ಲಿ ಆಜ್ಞೆ ಮಾಡಬೇಕಾಯಿತು. ಆರ್ಗಲ್ ಬಂದು ನೋಡಿದ ಬೀದಿಯೇ ಆ ಆಜ್ಞೆಗೆ ಸಿಕ್ಕ ಉತ್ತರ. ನಾಣ್ಯವಿಲ್ಲದ ಊರಿನಲ್ಲಿ ಸೊಪ್ಪೇ ನಾಣ್ಯವಾಯಿತು. ಪಾದ್ರಿಯ ಸಂಬಳ, ಕೋರ್ಟಿನ ದಂಡ, ಅಂಗಡಿಯ ಸಾಲ ಎಲ್ಲವನ್ನೂ ಪೌಂಡುಗಟ್ಟಲೆ ತಂಬಾಕಿನಲ್ಲೇ ಲೆಕ್ಕ ಹಾಕುತ್ತಿದ್ದರು. 1621ರಲ್ಲಿ ಕಂಪನಿ ಮದುವೆಗೆಂದು 57 ಹೆಣ್ಣುಮಕ್ಕಳನ್ನು ಇಂಗ್ಲೆಂಡಿನಿಂದ ಕಳಿಸಿತು. ಒಪ್ಪಿದ ವರ ಕಂಪನಿಗೆ ಕೊಡಬೇಕಾದ ಖರ್ಚು ಒಳ್ಳೆಯ ದರ್ಜೆಯ ಸೊಪ್ಪು 150 ಪೌಂಡ್.

1619ರ ಜುಲೈ 30ರಂದು ಜೇಮ್ಸ್‌ಟೌನಿನ ಚರ್ಚಿನಲ್ಲಿ ವಸಾಹತಿನ ಮೊದಲ ಪ್ರತಿನಿಧಿ ಸಭೆ ಸೇರಿತು. ಅಮೆರಿಕದವರು ತಮ್ಮ ಪ್ರಜಾಪ್ರಭುತ್ವದ ಮೊದಲ ಹೆಜ್ಜೆ ಎಂದು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸೆಕೆ ತಾಳಲಾರದೆ ಕೆಲವೇ ದಿನಕ್ಕೆ ಬರಖಾಸ್ತಾದ ಆ ಸಭೆ ಮಾಡಿದ ಕೆಲಸಗಳಲ್ಲಿ ತಂಬಾಕಿಗೆ ದರ ಕಟ್ಟಿದ್ದೂ ಒಂದು: ಉತ್ತಮ ದರ್ಜೆಗೆ ಪೌಂಡಿಗೆ ಮೂರು ಶಿಲ್ಲಿಂಗ್. ಮೂರು ಶಿಲ್ಲಿಂಗ್ ಎಂದರೆ 36 ಪೆನ್ನಿ. 1630ರ ಹೊತ್ತಿಗೆ ಅದೇ ಸೊಪ್ಪು ಸುಮಾರು ಒಂದು ಪೆನ್ನಿಗೆ ಬಂದು ನಿಂತಿತು. ಬೆಳೆ ಹೆಚ್ಚಾಗಿ ಬೆಲೆ ಬಿದ್ದ ಕಥೆ ಕಂಪಲಾಪುರದ ಹರಾಜು ಕಟ್ಟೆಯಲ್ಲಿ ನಿಂತವರಿಗೆ ಹೊಸದಲ್ಲ. ಬೆಲೆ ಬಿದ್ದಾಗ ಬೆಳೆಗಾರ ಏನು ಮಾಡುತ್ತಾನೆ? ಇನ್ನಷ್ಟು ಬೆಳೆಯುತ್ತಾನೆ. 1682ರಲ್ಲಂತೂ ರೇಟು ಏರಲೆಂದು ವರ್ಜೀನಿಯಾದ ರೈತರೇ ಗುಂಪು ಕಟ್ಟಿಕೊಂಡು ಹೊಲಹೊಲ ನುಗ್ಗಿ ಸಸಿ ಕಿತ್ತುಹಾಕಿದರು.

ನೆಲದ ಹಸಿವು

ಹೊಗೆಸೊಪ್ಪು ಮಣ್ಣಿನ ಸಾರವನ್ನು ಹಿಂಡುವ ಬೆಳೆ. ನಾವು ಚೀಲಗಟ್ಟಲೆ ಗೊಬ್ಬರ ಸುರಿದು ನಿಭಾಯಿಸುತ್ತೇವೆ. ಅವರ ಹತ್ತಿರ ಗೊಬ್ಬರವಿರಲಿಲ್ಲ, ದನವೂ ಸಾಲದು. ಮೂರು ನಾಲ್ಕು ಬೆಳೆ ತೆಗೆದು ಆ ನೆಲ ಬಿಟ್ಟು ಹೊಸ ಕಾಡು ಕಡಿಯುವುದೇ ಅವರ ಬೇಸಾಯ. ಅದಕ್ಕೆ ತಕ್ಕಂತೆ 1618ರಲ್ಲಿ ಕಂಪನಿ ಹೊಸ ನಿಯಮ ತಂದಿತು: ಯಾರು ತಮ್ಮ ಖರ್ಚಿನಲ್ಲಿ ಒಬ್ಬ ಮನುಷ್ಯನನ್ನು ವರ್ಜೀನಿಯಾಕ್ಕೆ ಕರೆತರುತ್ತಾರೋ ಅವರಿಗೆ ತಲೆಗೆ 50 ಎಕರೆ. ಆಳು ತಂದವನಿಗೆ ನೆಲ, ನೆಲ ಇದ್ದವನಿಗೆ ಸೊಪ್ಪು, ಸೊಪ್ಪು ಮಾರಿದವನಿಗೆ ಇನ್ನಷ್ಟು ಆಳು.

ಕೊಟ್ಟ ನೆಲ ಯಾರದ್ದು? ಮೂಲನಿವಾಸಿಗಳದ್ದು. ಆರಂಭದಲ್ಲಿ ಅವರ ಮತ್ತು ಇಂಗ್ಲಿಷರ ನಡುವಿನ ಬಿರುಕು ಮುಚ್ಚುವ ಪ್ರಯತ್ನ ನಡೆಯದೇ ಇರಲಿಲ್ಲ. ವಾಹುನ್‌ಸೆನಕಾನ ಮಗಳು ಪೊಕಹಾಂಟಸ್‌ಳನ್ನು ಇದೇ ಆರ್ಗಲ್ 1613ರಲ್ಲಿ ಮೋಸದಿಂದ ಹಡಗಿಗೆ ಹತ್ತಿಸಿಕೊಂಡು ಸೆರೆ ಹಿಡಿದಿದ್ದ. ಸೆರೆಯಲ್ಲಿದ್ದಾಗಲೇ ಅವಳಿಗೆ ರೆಬೆಕಾ ಎಂಬ ಹೆಸರಿಟ್ಟು ಕ್ರೈಸ್ತಳನ್ನಾಗಿ ಮಾಡಿದರು. 1614ರಲ್ಲಿ ಜಾನ್ ರಾಲ್ಫ್ ಅವಳನ್ನು ಮದುವೆಯಾದ. ಕೆಲವು ವರ್ಷ ಶಾಂತಿ ನೆಲೆಸಿತು. 1616ರಲ್ಲಿ ಕಂಪನಿ ಅವಳನ್ನು ಲಂಡನ್ನಿಗೆ ಕರೆಸಿ ಬಂಡವಾಳಗಾರರ ಮುಂದೆ ಮೆರೆಸಿತು. ಹಿಂದಿರುಗಲು ಹಡಗು ಹತ್ತಿದವಳು ಕಾಯಿಲೆ ಬಿದ್ದು 1617ರ ಮಾರ್ಚ್‌ನಲ್ಲಿ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು, ಇಪ್ಪತ್ತರ ಆಸುಪಾಸಿನಲ್ಲಿ. ಜಾನ್ ಸ್ಮಿತ್‌ನ ತಲೆಗೆ ಬೀಳಬೇಕಿದ್ದ ಏಟನ್ನು ಅವಳು ತಡೆದಳೆಂಬ ಪ್ರಸಿದ್ಧ ಕಥೆಯನ್ನು ಸ್ಮಿತ್ ಬಿಡಿಸಿ ಬರೆದದ್ದು 1624ರಲ್ಲಿ, ಅವಳು ಸತ್ತ ಏಳು ವರ್ಷಕ್ಕೆ. ಇತಿಹಾಸಕಾರರು ಅದನ್ನು ಅನುಮಾನದಿಂದಲೇ ನೋಡುತ್ತಾರೆ. ಸಿನಿಮಾದವರಿಗೆ ಅಂಥ ಅನುಮಾನವೇನಿಲ್ಲ.

ಮಗಳು ತೀರಿಕೊಂಡ ಮರುವರ್ಷ, 1618ರಲ್ಲಿ, ವಾಹುನ್‌ಸೆನಕಾನೂ ಸತ್ತ. ನದಿಯ ಎರಡೂ ದಂಡೆಯಲ್ಲಿ ತೋಟಗಳು ಮೇಲಕ್ಕೆ ಸರಿಯುತ್ತಲೇ ಇದ್ದವು. 1622ರ ಮಾರ್ಚ್ 22ರ ಬೆಳಿಗ್ಗೆ, ಆಗ ಅಧಿಕಾರ ವಹಿಸಿಕೊಂಡಿದ್ದ ಓಪಚಾಂಕನೋನ ಜನ ಒಂದೇ ಹೊತ್ತಿಗೆ ಊರೂರಿನ ಮೇಲೆ ಬಿದ್ದು 347 ಇಂಗ್ಲಿಷರನ್ನು ಕೊಂದರು. ಇಂಗ್ಲಿಷರ ಸೇಡು ವರ್ಷಗಟ್ಟಲೆ ನಡೆಯಿತು. ಜೋಳ ತೆನೆಗಟ್ಟುವವರೆಗೆ ಕಾದು ಹೊಲಕ್ಕೆ ಬೆಂಕಿ ಇಟ್ಟರು. 1623ರಲ್ಲಿ ಸಂಧಾನಕ್ಕೆಂದು ಕರೆದು ವಿಷ ಬೆರೆಸಿದ ಮದ್ಯ ಕುಡಿಸಿದರು. 1646ರಲ್ಲಿ ಮುದುಕ ಓಪಚಾಂಕನೋ ಸೆರೆಸಿಕ್ಕ. ಜೇಮ್ಸ್‌ಟೌನಿನಲ್ಲಿ ಕಾವಲುಗಾರನೊಬ್ಬ ಅವನ ಬೆನ್ನಿಗೆ ಗುಂಡು ಹೊಡೆದ. ಅದೇ ವರ್ಷದ ಒಪ್ಪಂದದ ಪ್ರಕಾರ ಅಲ್ಲಿನ ಜನ ತಮ್ಮದೇ ನದಿಗಳ ನಡುವಿನ ನೆಲ ಬಿಟ್ಟು ಇಂಗ್ಲಿಷರಿಗೆ ವರ್ಷವರ್ಷ ಕಪ್ಪ ಕೊಡುವವರಾದರು.

ದುಡಿದ ಕೈ ಯಾರದು?

ಈಗ ನನ್ನ ಮೊದಲ ಪ್ರಶ್ನೆಗೆ ಬರೋಣ. ಆರಂಭದಲ್ಲಿ ದುಡಿದವರು ಇಂಗ್ಲೆಂಡಿನ ಬಡವರು. ಹಡಗಿನ ಖರ್ಚು ತೀರಿಸಲು ನಾಲ್ಕರಿಂದ ಏಳು ವರ್ಷ ಜೀತಕ್ಕೆ ಒಪ್ಪಿ ರುಜು ಹಾಕಿ ಬರುತ್ತಿದ್ದರು. ಆ ಅವಧಿಯಲ್ಲಿ ಅವರನ್ನು ಇನ್ನೊಬ್ಬ ಧಣಿಗೆ ಮಾರಬಹುದಿತ್ತು. ಬಹಳ ಮಂದಿ ಅವಧಿ ಮುಗಿಯುವವರೆಗೆ ಬದುಕಲೇ ಇಲ್ಲ. 1607ರಿಂದ 1624ರವರೆಗೆ ಆರು ಸಾವಿರಕ್ಕೂ ಹೆಚ್ಚು ಜನ ವರ್ಜೀನಿಯಾಕ್ಕೆ ಹಡಗು ಹತ್ತಿದ್ದರು. 1625ರ ಎಣಿಕೆಯಲ್ಲಿ ಸಿಕ್ಕವರು ಸುಮಾರು 1,200. ಅಷ್ಟರಲ್ಲಿ ಕಂಪನಿಯೂ ದಿವಾಳಿಯ ಅಂಚು ಮುಟ್ಟಿತ್ತು. 1624ರಲ್ಲಿ ದೊರೆ ಸನ್ನದು ರದ್ದು ಮಾಡಿ ವಸಾಹತನ್ನು ತನ್ನ ಕೈಗೆ ತೆಗೆದುಕೊಂಡ.

ಸಭೆ ಸೇರಿದ ಅದೇ 1619ರ ಆಗಸ್ಟ್ ಕೊನೆಗೆ ವೈಟ್ ಲಯನ್ ಎಂಬ ಹಡಗು ನದಿಮುಖದ ಪಾಯಿಂಟ್ ಕಂಫರ್ಟ್‌ಗೆ ಬಂತು. ಅದರಲ್ಲಿದ್ದವರು ಇಪ್ಪತ್ತು ಚಿಲ್ಲರೆ ಆಫ್ರಿಕನ್ನರು. ಅಂಗೋಲಾದಿಂದ ಮೆಕ್ಸಿಕೊಗೆ ಗುಲಾಮರನ್ನು ಸಾಗಿಸುತ್ತಿದ್ದ ಪೋರ್ಚುಗೀಸ್ ಹಡಗನ್ನು ದೋಚಿ ತಂದವರು ಅವರನ್ನು ದವಸಕ್ಕೆ ಬದಲಾಯಿಸಿಕೊಂಡರು. ಈ ಸುದ್ದಿಯನ್ನು ಲಂಡನ್ನಿಗೆ ಬರೆದು ತಿಳಿಸಿದವನು ಜಾನ್ ರಾಲ್ಫ್. 1625ರ ಎಣಿಕೆಯಲ್ಲಿ ಜೇಮ್ಸ್‌ಟೌನಿನ ಒಂದು ಮನೆಯಲ್ಲಿ ಆಂಜೆಲಾ ಎಂಬ ಆಫ್ರಿಕನ್ ಹೆಂಗಸಿನ ಹೆಸರಿದೆ.

ಗುಲಾಮಗಿರಿಗೆ ಕಾಯಿದೆಯ ಕಟ್ಟು ಬಿದ್ದದ್ದು ಸ್ವಲ್ಪ ಸ್ವಲ್ಪವಾಗಿ. 1640ರಲ್ಲಿ ಮೂವರು ಜೀತದಾಳುಗಳು ಧಣಿಯ ಮನೆಯಿಂದ ಓಡಿಹೋಗಿ ಸಿಕ್ಕಿಬಿದ್ದರು. ಇಬ್ಬರು ಯುರೋಪಿಯನ್ನರಿಗೆ ಸಿಕ್ಕ ಶಿಕ್ಷೆ ಛಡಿಯೇಟು ಮತ್ತು ಇನ್ನೂ ನಾಲ್ಕು ವರ್ಷ ಜೀತ. ಮೂರನೆಯವನು ಜಾನ್ ಪಂಚ್ ಎಂಬ ಆಫ್ರಿಕನ್, ಅವನಿಗೆ ಜೀವಮಾನದ ಜೀತ. ತಪ್ಪು ಒಂದೇ. 1662ರಲ್ಲಿ ವರ್ಜೀನಿಯಾದ ಶಾಸನಸಭೆ ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ಕಾನೂನು ಮಾಡಿತು. ಅಲ್ಲಿಗೆ ಹೊಲದ ಧಣಿಗೆ ಆಳಿನ ಚಿಂತೆ ತಲೆತಲಾಂತರಕ್ಕೆ ತೀರಿತು.

1635ರ ಭೂದಾಖಲೆಯೊಂದರಲ್ಲಿ ಜಾರ್ಜ್ ಮೆನಿಫೀ ಎಂಬ ವರ್ತಕ ತಾನು ಕರೆತಂದ ಆಳುಗಳ ಪಟ್ಟಿ ಕೊಟ್ಟು ನೆಲ ಕೇಳಿದ್ದಾನೆ. ಅದರಲ್ಲಿ ‘ಈಸ್ಟ್ ಇಂಡಿಯನ್ ಟೋನಿ’ ಎಂಬ ಹೆಸರಿದೆ. ನಮ್ಮ ಕಡೆಯ ಸಮುದ್ರ ದಾಟಿ ಹೋದ ಆ ಮನುಷ್ಯನ ತಲೆಗೂ ಲೆಕ್ಕ 50 ಎಕರೆಯೇ.

ಅದೇ ಕ್ಯಾಪ್ಟನ್, ಬೇರೆ ದಡ

ಮೂರು ಹಡಗು ನಡೆಸಿಕೊಂಡು ಬಂದಿದ್ದ ಕ್ರಿಸ್ಟೊಫರ್ ನ್ಯೂಪೋರ್ಟ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಸೇರಿದ. 1615ರಲ್ಲಿ ಜಹಾಂಗೀರನ ಬಳಿಗೆ ರಾಯಭಾರಿಯಾಗಿ ಹೊರಟ ಸರ್ ಥಾಮಸ್ ರೋನನ್ನು ಸೂರತ್ತಿಗೆ ತಂದ ಲಯನ್ ಹಡಗಿನ ಕ್ಯಾಪ್ಟನ್ ಅವನೇ. 1617ರಲ್ಲಿ ಜಾವಾದ ಬಾಂಟಮ್‌ನಲ್ಲಿ ಸತ್ತ. ಒಂದೇ ಸ್ಮೈತ್, ಒಂದೇ ನ್ಯೂಪೋರ್ಟ್, ಅದೇ ಲಂಡನ್ನಿನ ಥೈಲಿ. ಆದರೆ ಸೂರತ್ತಿನಲ್ಲಿ ಅವರು ಕೈಕಟ್ಟಿ ನಿಂತು ವ್ಯಾಪಾರದ ಫರ್ಮಾನು ಬೇಡಿದರು, ಜೇಮ್ಸ್ ನದಿಯಲ್ಲಿ ಬೇಲಿ ಹಾಕಿ ಕೂತರು. ಕಾರಣ ಅವರ ಸ್ವಭಾವದಲ್ಲಿಲ್ಲ, ಎದುರಿಗಿದ್ದವರ ಬಲದಲ್ಲಿದೆ. ಮೊಗಲರ ಸೈನ್ಯದೆದುರು ನೂರು ಜನರ ಕೋಟೆ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಸೊಪ್ಪು ಕೂಡ ಆ ಹೊತ್ತಿಗಾಗಲೇ ನಮ್ಮಲ್ಲಿಗೆ ಬಂದಿತ್ತು. ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಲ್ಲಿ ತಂಬಾಕು ಕಂಡು, ಚಿಲುಮೆ ಸಮೇತ ಬಾದಶಹನಿಗೆ ಒಯ್ದು ಕೊಟ್ಟದ್ದು 1604-05ರ ಸುಮಾರಿಗೆ, ಜೇಮ್ಸ್ ದೊರೆ ತಂಬಾಕಿನ ವಿರುದ್ಧ ಬರೆದ ಕಾಲದಲ್ಲೇ. ಪೋರ್ಚುಗೀಸರ ಮೂಲಕ ಅಮೆರಿಕದ ಎಲೆ ಬಿಜಾಪುರಕ್ಕೆ ಬಂದಾಗ ಜೇಮ್ಸ್‌ಟೌನ್ ಇನ್ನೂ ಹುಟ್ಟಿರಲಿಲ್ಲ. ಜಹಾಂಗೀರ್ ತಂಬಾಕನ್ನು ನಿಷೇಧಿಸಿದ ವರ್ಷ 1617. ಆ ವರ್ಷ ಜೇಮ್ಸ್‌ಟೌನಿನ ಬೀದಿಯಲ್ಲಿ ಅದೇ ಗಿಡ ಮೊಣಕಾಲೆತ್ತರ ನಿಂತಿತ್ತು. ನಿಷೇಧ ಎಲ್ಲಿಯೂ ನಿಲ್ಲಲಿಲ್ಲ.

ಹೊಗೆಸೊಪ್ಪು ಬೆಳೆದು ಬದುಕಿದ ಮನೆಯವಳಾಗಿ ಗಿಡವನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನೆಲ ಪುಕ್ಕಟೆ ಸಿಗುತ್ತದೆ, ದುಡಿಯುವವನಿಗೆ ಕೂಲಿ ಕೊಡಬೇಕಿಲ್ಲ ಎಂದಾದರೆ ಯಾವ ಬೆಳೆಯಾದರೂ ಇದನ್ನೇ ಮಾಡುತ್ತಿತ್ತು. ಕೆರಿಬಿಯನ್ನಿನಲ್ಲಿ ಕಬ್ಬು ಮಾಡಿತು, ಮುಂದೆ ಅಮೆರಿಕದ ದಕ್ಷಿಣದಲ್ಲಿ ಹತ್ತಿ ಮಾಡಿತು. ವಸಾಹತಿನ ಲಾಭ ಎಂದು ಪುಸ್ತಕಗಳು ಬರೆಯುವುದು ಈ ಎರಡು ಬಾಬತ್ತುಗಳ ಖರ್ಚನ್ನು ಬೇರೆಯವರ ಲೆಕ್ಕಕ್ಕೆ ಬರೆದ ಮೇಲೆ ಉಳಿದದ್ದನ್ನು.

ಮಕ್ಕಳು ವರ್ಜೀನಿಯಾದಲ್ಲೋ ವಾಷಿಂಗ್ಟನ್ನಿನ ಸುತ್ತಮುತ್ತಲೋ ಇರುವ ಕನ್ನಡದ ಅಪ್ಪ ಅಮ್ಮಂದಿರು ಈಗ ಬಹಳ ಮಂದಿ. ಆರು ತಿಂಗಳಿಗೆಂದು ಹೋದಾಗ ವೈಟ್ ಹೌಸ್ ಮುಂದೆ ಫೋಟೊ ತೆಗೆಸಿಕೊಂಡಾದ ಮೇಲೆ ಒಂದು ಶನಿವಾರ ಜೇಮ್ಸ್‌ಟೌನಿಗೂ ಕರೆದೊಯ್ಯಲು ಹೇಳಿ. ಅಲ್ಲಿ ಎರಡು ಜಾಗಗಳಿವೆ, ಹೆಸರು ಒಂದೇ ಥರ ಇರುವುದರಿಂದ ಗೊಂದಲವಾಗುತ್ತದೆ. ಒಂದು ಹಡಗು, ಗುಡಿಸಲುಗಳ ಪ್ರತಿಕೃತಿ ಕಟ್ಟಿಟ್ಟ ಪ್ರದರ್ಶನ, ಮೊಮ್ಮಕ್ಕಳಿಗೆ ಚೆನ್ನಾಗಿರುತ್ತದೆ. ಇನ್ನೊಂದು ‘ಹಿಸ್ಟಾರಿಕ್ ಜೇಮ್ಸ್‌ಟೌನ್’, ಊರಿದ್ದ ನಿಜವಾದ ಜಾಗ. ನದಿ ಕೊಚ್ಚಿಕೊಂಡು ಹೋಗಿದೆ ಎಂದೇ ಎಲ್ಲರೂ ನಂಬಿದ್ದ ಕೋಟೆಯನ್ನು ವಿಲಿಯಂ ಕೆಲ್ಸೊ ಎಂಬ ಪುರಾತತ್ತ್ವಜ್ಞ 1994ರಿಂದ ಅಗೆದು ಹೊರತೆಗೆದ ಸ್ಥಳ. ಮೊದಲು ಅಲ್ಲಿಗೆ ಹೋಗಿ. ಸಮಯವಿದ್ದರೆ ಕಿಂಗ್ ವಿಲಿಯಂ ಕೌಂಟಿಯಲ್ಲಿರುವ ಪಮಂಕಿ ಜನರ ಮೀಸಲು ನೆಲವನ್ನೂ ನೋಡಿ ಬನ್ನಿ. ಓಪಚಾಂಕನೋನ ಬುಡಕಟ್ಟು ಅದು. ಅವರ ಕೈಯಲ್ಲೀಗ ಉಳಿದಿರುವುದು ಸುಮಾರು 1,200 ಎಕರೆ. ಅವರನ್ನು ಒಂದು ಬುಡಕಟ್ಟೆಂದು ಒಪ್ಪಿಕೊಳ್ಳಲು ಅಮೆರಿಕದ ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2015ರಲ್ಲಿ, ಮೊದಲ ಮೂರು ಹಡಗುಗಳು ಬಂದು 408 ವರ್ಷಗಳಾದ ಮೇಲೆ.